ಒಂದು ಗಂಟೆಯ ಲೆಕ್ಕ

ಅದೂ ಸಾಲದು ಅಂತ ಈಗ ಸುಳ್ಳು ರಿಪೋರ್ಟಿಗೆ ಸಹಿ ಬೇರೆ ಹಾಕ್ಬೇಕಂತೆ, ಅಕ್ಕಾ. ನಮ್ಮ ಫ್ಯಾಕ್ಟರೀಲಿ ಆಸಿಡ್ ಪೈಪಿನ ರಬ್ಬರ್ ರಿಂಗ್ ಸೋರಿ ಫಿಟ್ಟರಣ್ಣನ ಬಲಗೈ ಸುಟ್ಟುಹೋಯ್ತು. ಆ ರಿಂಗಿನ ಚಿತ್ರಾನ ಕಂಪ್ಯೂಟರಲ್ಲಿ ಸಾವಿರ ಚೂರು ಮಾಡಿ, ಲೆಕ್ಕದಲ್ಲೇ ಒತ್ತಿ ನೋಡಿ, ಸೋರಲ್ಲ ಅಂದೋನು ನಾನೇ. ನೀನು ಹೊಲಿಯೋ ಲಂಗದ ಎಲಾಸ್ಟಿಕ್ ಬರ್ತಾ ಬರ್ತಾ ಸಡಿಲ ಆಗಲ್ವಾ, ಒತ್ತಿಟ್ಟ ರಬ್ಬರೂ ಹಾಗೇ ಸೋಲುತ್ತೆ. ನಾನು ಒಂದು ಗಂಟೆ ಒತ್ತಿದ್ರೆ ಏನಾಗುತ್ತೆ ಅಂತಷ್ಟೇ ಲೆಕ್ಕ ಹಾಕಿದ್ದೆ, ಅದು ಅಲ್ಲಿ ವರ್ಷಗಟ್ಟಲೆ ಕೂತಿತ್ತು.

ಸಾಹೇಬ್ರು, "ಫಿಟ್ಟರ್ ಬಿಗಿಯಾಗಿ ಕೂರಿಸಿಲ್ಲ ಅಂತ ಬರಿ, ಇಲ್ಲಾಂದ್ರೆ ಗಂಟುಮೂಟೆ ಕಟ್ಟು" ಅಂದ್ರು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಇವತ್ತು ಆ ಫಿಟ್ಟರಣ್ಣನೇ ಎಡಗೈಯಲ್ಲಿ ನಂಗೆ ಟೀ ತಂದುಕೊಟ್ಟು, "ನಾನೇ ಎಲ್ಲೋ ತಪ್ಪಿರ್ಬೇಕು, ತಮ್ಮಾ" ಅಂದ.

ಊಟ ಸೇರ್ತಿಲ್ಲ, ಅಮ್ಮಂಗೆ ಹೇಳ್ಬೇಡ. ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡು. ಒಂಬತ್ತಕ್ಕೆ ಮಾಡಿದ್ರೆ ನಾನು ಸಹಿ ಹಾಕಿಬಿಟ್ಟಿರ್ತೀನಿ.