ಪೂರ್ತಿ ಭಾರ ತಾಳುವ ಸ್ಟೂಲು

ಬನಶಂಕರಿ ಎರಡನೇ ಹಂತ, ಬೆಂಗಳೂರು
೨೦ ಜನವರಿ ೨೦೨೫, ಸೋಮವಾರ

ನನ್ನ ಚಿನ್ನದಂಥ ಮಗಳು ಐಶ್ವರ್ಯಳಿಗೆ, ನಿನ್ನಪ್ಪ ಪರಮಶಿವಯ್ಯನ ತುಂಬು ಗಂಟಲಿನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ರಾಯಚೂರಿನ ಬಿಸಿಲು ಜನವರಿಯಲ್ಲಾದರೂ ನಿನ್ನ ಮೇಲೆ ಕರುಣೆ ತೋರಿಸಿದೆಯೇ? ವಾರ್ಡಿನಲ್ಲಿ ಎಂಟೆಂಟು ಗಂಟೆ ನಿಂತೇ ಇರುತ್ತೀಯಂತೆ, ಸೊಂಟನೋವು ಹೇಗಿದೆ? ನಿಮ್ಮಮ್ಮ ಚಟ್ನಿಪುಡಿ ಕುಟ್ಟಿ ಇಟ್ಟಿದ್ದಾಳೆ, ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಫೋನಿರುವಾಗ ಪತ್ರವೇಕೆ ಎಂದು ನೀನು ಹುಬ್ಬು ಗಂಟಿಕ್ಕುವುದು ಇಲ್ಲಿಗೇ ಕಾಣುತ್ತಿದೆ. ಫೋನಿನಲ್ಲಿ ನಾನು ಬಾಯಿ ತೆರೆದರೆ ಎದುರುಮನೆಯವರು ಟೀವಿ ಸೌಂಡು ತಗ್ಗಿಸಿ ಕೇಳುತ್ತಾರೆ. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಮೈಕಿಲ್ಲದೆ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಗಂಟಲು, ಏನು ಮಾಡಲಿ. ಜೊತೆಗೆ, ಮೊದಲ ದೃಶ್ಯ ಮುಗಿಯುವ ಮುನ್ನವೇ ನೀನು "ಅಪ್ಪಾ, ಡ್ಯೂಟಿಗೆ ಟೈಮಾಯ್ತು" ಎಂದು ಪರದೆ ಎಳೆದುಬಿಡುತ್ತೀಯ.

ವಿಷಯ ನಿನ್ನ ಮಗಳದು. ಮೇಘಶ್ರೀ ಈ ಬೇಸಿಗೆ ರಜೆಯಲ್ಲಿ ಇಲ್ಲೇ ಸಿದ್ದಾಪುರದ ಯಲ್ಲಯ್ಯನವರ ಮರಗೆಲಸದ ಶೆಡ್ಡಿನಲ್ಲಿ ಆರು ವಾರ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಶಾಲೆಯೇ ಏರ್ಪಾಡು ಮಾಡಿದೆ, ನಿನ್ನ ಒಪ್ಪಿಗೆಯೊಂದು ಬೇಕು. ಆದರೆ ಹೋದ ಜೂನಿನಲ್ಲಿ ಶನಿವಾರದ ಕೈಕೆಲಸದ ಕ್ಲಾಸಿನ ಮಾತೆತ್ತಿದಾಗಲೇ ನೀನು, "ನನ್ನ ಮಗಳು ಮೊಳೆ ಹೊಡೆಯೋದು ಬೇಡ ಅಪ್ಪಾ. ನಮ್ಮನೇಲಿ ಆ ಕೆಲಸಕ್ಕೆ ನೀವೊಬ್ರೇ ಸಾಕು" ಅಂದಿದ್ದೆ. ಮತ್ತೆ ಅವಳು ಆ ಕ್ಲಾಸಿಗೆ ಹೇಗೆ ಸೇರಿದಳು ಎಂದು ಈಗಲೇ ಕೇಳಬೇಡ, ಅಲ್ಲಿಗೂ ಬರುತ್ತೇನೆ.

ಒಂಬತ್ತನೆಯ ತರಗತಿಯವರಿಗೆ ಶನಿವಾರ ಪುಸ್ತಕವಿಲ್ಲ. ಕೆಲವು ವಾರ ವೈರಿಂಗ್, ಕೆಲವು ವಾರ ನಲ್ಲಿ ಪೈಪು, ಆಮೇಲೆ ಹೊಲಿಗೆ, ಮರಗೆಲಸ. ಕೈಗೆ ಒಗ್ಗಿದ್ದನ್ನು ಮಕ್ಕಳೇ ಆರಿಸಿಕೊಳ್ಳುತ್ತಾರೆ. ನಿನ್ನ ಮಗಳು ವೈರಿಂಗಿನ ವಾರ ಶಾಲೆಯ ಬೆಲ್ಲಿಗೆ ಅರ್ಧ ದಿನ ಮೌನವ್ರತ ಹಿಡಿಸಿದಳು. ಹೊಲಿಗೆಯ ವಾರ ತನ್ನ ಯೂನಿಫಾರ್ಮಿನ ತೋಳನ್ನೇ ಕರ್ಚೀಫಿಗೆ ಸೇರಿಸಿ ಹೊಲಿದುಕೊಂಡಳು. ಆದರೆ ಉಳಿ ಹಿಡಿದ ಮೊದಲ ದಿನ ಮನೆಗೆ ಬಂದವಳು ಕೈ ತೊಳೆಯಲೇ ಇಲ್ಲ. ತಟ್ಟೆಯ ಮುಂದೆ ಕೂತು ಬೆರಳು ಮೂಸುತ್ತ, "ಅಜ್ಜಿ, ಹೊನ್ನೆದೇ ಬೇರೆ ವಾಸನೆ, ತೇಗದ್ದೇ ಬೇರೆ" ಅಂದಳು. ನಿಮ್ಮಮ್ಮ ನನ್ನ ಕಡೆ ನೋಡಿದ ನೋಟವನ್ನು ನೀನೇ ಊಹಿಸಿಕೋ.

ಡಿಸೆಂಬರಿನಲ್ಲಿ ಅವರ ಮೇಷ್ಟ್ರು ಸಿದ್ದಾರೂಢ ಅವರಿಗೆ ನಾನು ಕಂಪನಿಯ ರಂಗಸಜ್ಜಿಕೆಯನ್ನೂ ಮಾಡುತ್ತಿದ್ದವನು ಎಂದು ಗೊತ್ತಾಗಿ, ಶನಿವಾರ ಮರಗೆಲಸ ಕಲಿಸಲು ಬರುವ ಯಲ್ಲಯ್ಯನವರ ಜೊತೆಗೆ ಒಂದು ದಿನ ಪಾಠ ಮಾಡಿ ಎಂದು ಕರೆದರು. ಶಾಲು ಹೊದ್ದು ಹೋದೆ. ಎದುರಿಗೆ ನಲವತ್ತು ಮಕ್ಕಳು. ಹನ್ನೊಂದು ಸಿಂಹಾಸನ, ಎರಡು ಅರಮನೆ, ದಿನಾ ಸಂಜೆ ಮುಳುಗುವ ಒಂದು ಹಡಗು ಕಟ್ಟಿದ ಕೈ ಇದು ಎಂದು ಘೋಷಿಸಿ, ಪ್ಲೈವುಡ್ಡು, ಮೊಳೆ, ಬಂಗಾರದ ಬಣ್ಣ ಹಿಡಿದು ಒಂದೇ ಗಂಟೆಯಲ್ಲಿ ಸ್ಟೂಲು ನಿಲ್ಲಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಯಲ್ಲಯ್ಯ ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ. ಸ್ಟೂಲಿನ ಸುತ್ತ ಒಂದು ಸುತ್ತು ಬಂದು, ಅಂಗೈ ಇಟ್ಟು ಒತ್ತಿದರು. ಮುರಿಯಲಿಲ್ಲ, ಕುಡಿದವನ ಹಾಗೆ ಪಕ್ಕಕ್ಕೆ ವಾಲಿತು. "ಸ್ವಾಮಿ, ನೋಡೋಕೆ ಸಖತ್ತಾಗಿದೆ. ಕೂರೋರು ಮಾತ್ರ ಬೇರೆ ಜಾಗ ನೋಡ್ಕೋಬೇಕು" ಅಂದರು. ಚಪ್ಪಾಳೆಗಿಂತ ದೊಡ್ಡ ನಗು ಎದ್ದಿತು.

ಮೇಘಶ್ರೀ ನಗಲಿಲ್ಲ. "ತಾತ, ಹಾಗಾದ್ರೆ ನಾಟಕದಲ್ಲಿ ರಾಜ ಹೇಗೆ ಕೂರ್ತಿದ್ದ?" ಎಂದು ಕೇಳಿದಳು. ನಿಜ ಹೇಳಿದೆ. ನಮ್ಮ ಕಂಪನಿಯ ರಾಜ ಕೂರುವುದೇ ಇಲ್ಲ. ಒಂದು ಹಾಡು ಮುಗಿಯುವುದರೊಳಗೆ ಬಿಚ್ಚಿ ಒಯ್ಯಬೇಕಾದ ಸಿಂಹಾಸನ ಅದು; ರಾಜ ತೊಡೆಯ ಮೇಲೆ ಭಾರ ಹಿಡಿದು ತುದಿಗೆ ಮೈ ತಾಗಿಸುತ್ತಾನೆ, ಅಷ್ಟೆ. ಸೇರಿದ ಮೊದಲ ದಿನವೇ ಪ್ರತಿ ನಟನಿಗೂ ಅದನ್ನು ಕಲಿಸುತ್ತಿದ್ದೆವು. ಅದಕ್ಕವಳು ಮೆಲ್ಲಗೆ, "ಅಮ್ಮಂಗೆ ಯಾರೂ ಹೇಳಿರ್ಲಿಲ್ವಾ?" ಅಂದಳು.

ನಿನ್ನ ಮೊಣಕಾಲಿನ ಗುರುತನ್ನು ನೀನು ಅವಳಿಗೆ ತೋರಿಸಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ತುಮಕೂರಿನ ಕ್ಯಾಂಪು, ನಿನಗೆ ಏಳು ವರ್ಷ. ಮಧ್ಯಾಹ್ನ ಖಾಲಿ ರಂಗದ ಮೇಲೆ ಸಿಂಹಾಸನವೇರಿ, ಮಕ್ಕಳು ಕೂರುವ ಹಾಗೆ ಪೂರ್ತಿ ಕೂತೆ. ಸಿಂಹಾಸನದ ಕಾಲು ಜಾರಿತು, ಮೊಳೆ ನಿನ್ನ ಮೊಣಕಾಲು ಸೀಳಿತು. ನಾನು ಓಡಿಬಂದು ಮೊದಲು ನೋಡಿದ್ದು ಸಿಂಹಾಸನವನ್ನು. ಸಂಜೆಯ ಆಟಕ್ಕೆ ಏನು ಮಾಡಲಿ ಎಂದು ನಿನ್ನ ಮೇಲೆ ಕೂಗಾಡಿದೆ. ರಕ್ತ ಒರೆಸಿದವಳು ನಿಮ್ಮಮ್ಮ. ಮೇಘಶ್ರೀ ಹಾಗೆ ಕೇಳಿದಾಗ, ನಲವತ್ತು ಮಕ್ಕಳ ಮುಂದೆ, ನನ್ನ ಸ್ಟೂಲನ್ನು ನಾನೇ ಎತ್ತಿ ಮೂಲೆಗಿಟ್ಟೆ.

ಆಮೇಲೆ ನಿನ್ನ ಮಗಳು ಯಲ್ಲಯ್ಯನವರ ಹತ್ತಿರ ಮೊಳೆಯಿಲ್ಲದ ಜೋಡಣೆ ಕಲಿತಳು. ಒಂದು ಮರಕ್ಕೆ ತೂತು, ಇನ್ನೊಂದಕ್ಕೆ ಅದರಲ್ಲಿ ಬಿಗಿಯಾಗಿ ಕೂರುವ ನಾಲಿಗೆ. ಮೂರು ಸಲ ಸಡಿಲವಾಯಿತು. ಮೂರು ಸಲವೂ ಯಲ್ಲಯ್ಯ, "ಇನ್ನೊಂದ್ ಮಾಡವ್ವ" ಅಂದರು, ಅಷ್ಟೇ. ನಾಲ್ಕನೆಯದು ಬಿಗಿಯಾಯಿತು. ಮೊನ್ನೆ ಶನಿವಾರ ಆ ಸ್ಟೂಲನ್ನು ಹೊತ್ತು ತಂದು ನಡುಮನೆಯಲ್ಲಿ ಇಟ್ಟು, "ತಾತ, ಕೂತ್ಕೊ" ಎಂದು ಅಪ್ಪಣೆ ಮಾಡಿದಳು. ಹಳೇ ಅಭ್ಯಾಸ, ತೊಡೆಯ ಮೇಲೆ ಭಾರ ಹಿಡಿದೆ. ಅವಳ ಕಣ್ಣಿಗೆ ಬಿತ್ತು. "ನಾಟಕ ಆಡ್ಬೇಡ ತಾತ, ಪೂರ್ತಿ ಕೂತ್ಕೊ." ಬಿಟ್ಟುಬಿಟ್ಟೆ ಮಗಳೇ, ಎಂಬತ್ತನಾಲ್ಕು ಕೆಜಿಯನ್ನೂ. ಕಿರ್ ಎನ್ನಲಿಲ್ಲ.

ಜೂನಿನ ನಿನ್ನ ಮಾತಿಗೆ ನನ್ನ ಉತ್ತರ ಇಷ್ಟೇ: ಅವಳು ಕಲಿಯುತ್ತಿರುವುದು ನನ್ನ ಮೊಳೆಯ ಕೆಲಸವಲ್ಲ. ಶಿವರಾತ್ರಿಗೆ ಬಂದಾಗ ನೀನೇ ಕೂತು ನೋಡು. ನಿನ್ನ ರೂಮಿನ ಗೆಳತಿಯರಿಗೆಲ್ಲ ನನ್ನ ಆಶೀರ್ವಾದಗಳು. ಹೊತ್ತಿಗೆ ಸರಿಯಾಗಿ ಊಟ ಮಾಡು, ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ನಿನ್ನ ಬಾಳು ತಣ್ಣಗಿರಲಿ.

ಇಂತು ನಿನ್ನ ಅಪ್ಪ,
ಪರಮಶಿವಯ್ಯ

ವಿ.ಸೂ.: ಪೋಸ್ಟಾಫೀಸು ಮುಚ್ಚುವ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ಜೂನಿನಲ್ಲಿ ಆ ಕೈಕೆಲಸದ ಕ್ಲಾಸಿನ ಫಾರಂಗೆ ನಿನ್ನ ಸಹಿ ಹಾಕಿದವನು ನಾನು. ಇವತ್ತು ಬೆಳಿಗ್ಗೆ ಹೆಡ್‌ಮಾಸ್ಟರಿಗೆ ಹೇಳಿ ಬೈಸಿಕೊಂಡು ಬಂದೆ. ಮೇಘಶ್ರೀಗೆ ಗೊತ್ತಿಲ್ಲ, ನೀನೇ ಒಪ್ಪಿದ್ದೀಯೆಂದು ನಂಬಿ, ಸ್ಟೂಲಿನ ಅಡಿಗೆ ಪೆನ್ಸಿಲಿನಲ್ಲಿ 'ಅಮ್ಮನಿಗೆ' ಎಂದು ಬರೆದಿದ್ದಾಳೆ. ಬೇಸಿಗೆಯ ಫಾರಂ ಇದರ ಜೊತೆಗಿದೆ, ಖಾಲಿಯಾಗಿಯೇ. ನಿನ್ನ ಪಾರ್ಟು ಇನ್ನು ನಾನು ಕಟ್ಟುವುದಿಲ್ಲ. ಸಹಿ ಇರಲಿ, ಇಲ್ಲದಿರಲಿ, ಫೆಬ್ರವರಿ ಹತ್ತರೊಳಗೆ ಕಳಿಸು. ಮೊಣಕಾಲಿನದು ನನ್ನ ತಪ್ಪು ಮಗಳೇ. ಅವತ್ತೇ ಹೇಳಬೇಕಿತ್ತು.