ಗೌಡನ ಪಟಗ

ನನ್ನ ಗೆಳತಿ ಶಬಾನಾ,

ಮೊದಲ ವರ್ಷ ಕಾಲೇಜಿನ ನೋಟಿಸ್ ಬೋರ್ಡಿನ ಮುಂದೆ ನಿಂತು ನಾಟಕ ತಂಡದ ಚೀಟಿಯನ್ನು ಸುಮ್ಮನೆ ಓದುತ್ತಿದ್ದೆ. ಸಂಜೆಯೊಳಗೆ ನೀನು ನನ್ನ ಹೆಸರು ಕೊಟ್ಟು ಬಂದಿದ್ದೆ. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವವಳು ನಾನು. ಜಗಳಕ್ಕೆ ಬಂದರೆ ನೀನು ಶೇಂಗಾ ಸುಲಿಯುತ್ತ, "ಕೊಟ್ಟೀನಿ ಮಾದೇವಿ. ಇನ್ನ ನೀ ಆತು, ಸ್ಟೇಜ್ ಆತು" ಅಂದೆ. ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ಲವೇನೇ?

ನಮ್ಮದು ಹೆಣ್ಣುಮಕ್ಕಳ ಕಾಲೇಜು, ಗೌಡನ ಪಾತ್ರ ಯಾರಿಗೂ ಬೇಡವಾಗಿತ್ತು. ನೀನು ಮೀಸೆ ಅಂಟಿಸಿಕೊಂಡು ನಿಂತೆ. ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ನಿಮ್ಮ ಅಬ್ಬಾ, ನಿಮ್ಮಜ್ಜನ ಕೆಂಪು ಪಟಗವನ್ನು ನಿನ್ನ ತಲೆಯ ಮೇಲೆಯೇ ಸುತ್ತಿಕೊಟ್ಟರು. ಬಿಚ್ಚದೆ ಟೋಪಿಯಂತೆ ತೆಗೆದಿಟ್ಟರೆ ಮುಂದಿನ ಸಲಕ್ಕೂ ಬರುತ್ತದೆ ಎಂದವರೂ ಅವರೇ. ತಾಲೀಮು ಮುಗಿಯಲು ಹೊತ್ತಾದರೆ ಕಾಲೇಜಿನ ಗೇಟಿಗೆ ಬೈಕ್ ತಂದು, ನಮ್ಮಿಬ್ಬರನ್ನೂ ಕೂರಿಸಿಕೊಂಡು, ನನ್ನನ್ನು ನಮ್ಮೂರು ನಿಡೋಣಿಯ ಬಸ್ಸಿಗೆ ಹತ್ತಿಸಿಯೇ ಮನೆಗೆ ಹೋಗುತ್ತಿದ್ದರು.

ಹೋದ ಮಳೆಗಾಲ ಆ ಜ್ವರ ನಿನ್ನನ್ನು ಒಯ್ದ ಮೇಲೆ ಎಲ್ಲವೂ ನನ್ನ ಕೊರಳಿಗೆ ಬಿತ್ತು. "ಶಬಾನಾ ಮಾಡ್ತಿದ್ಲು, ಈಗ ನೀ ಮಾಡು." ಎನ್ನೆಸ್ಸೆಸ್ ಶಿಬಿರ, ರಂಗೋಲಿ ಸ್ಪರ್ಧೆ, ನಾಟಕದ ಉಸ್ತುವಾರಿ, ಎಲ್ಲಕ್ಕೂ ಎಲ್ಲರದೂ ಇದೇ ಮಾತು. ಬಸ್ಸಿನಲ್ಲಿ ನಿಂತೇ ತೂಕಡಿಸುತ್ತೇನೆ. ಅವ್ವ ಬೇರೆ, "ಸಾಲಿ ಕಲಿಯಾಕ ಕಳಿಸೀವೋ, ನಾಟಕ ಆಡಾಕೋ?" ಅನ್ನುತ್ತಾಳೆ. ಸಾಕಾಗಿದೆ ಶಬಾನಾ. ನಿನ್ನ ಮೇಲೆ ಸಿಟ್ಟೂ ಬರುತ್ತದೆ. ನನ್ನನ್ನು ಇದರೊಳಗೆ ಎಳೆದು ನೀನು ಹೀಗೆ ನಡುವೆಯೇ...

ಹೋದ ವಾರ ತಂಡ ಬಿಡುತ್ತೇನೆಂದು ಹೇಳಲು ಕನ್ನಡ ಮೇಡಂ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಗೌಡ ಇಲ್ಲದ ನಾಟಕ ಹೆಂಗ ಆಗ್ತದ? ತಂಡ ಮುಚ್ಚಿಬಿಡೂಣು" ಅಂದರು. ನನಗೆ ಬೇಕಾದದ್ದೂ ಅದೇ. ಆದರೂ ಹೂಂ ಅನ್ನದೆ ಬಾಗಿಲ ಕಡೆ ತಿರುಗಿದೆ. ಬಾಗಿಲಾಚೆ, ಮೊದಲ ವರ್ಷದ ಹುಡುಗಿ, ಬಿಜ್ಜರಗಿಯ ರೇಣುಕಾ, ನೋಟಿಸ್ ಬೋರ್ಡ್ ಓದುತ್ತ ನಿಂತಿದ್ದಳು. "ರೇಣುಕಾ ಮಾಡ್ತಾಳ್ರಿ" ಅಂದುಬಿಟ್ಟೆ. ಸಂಜೆ ಅವಳು ಅಳುಮುಖ ಮಾಡಿಕೊಂಡು ಬಂದಳು. "ಅಕ್ಕಾರ, ನನ್ನ ಕೇಳಲಾರದ ಹೆಸರ ಯಾಕ ಕೊಟ್ಟೀರಿ?" ನಾನು ಏನಂದೆ ಎಂದು ನಿನಗೆ ಬೇರೆ ಹೇಳಬೇಕೇ?

ನಾಟಕದ ಪೆಟ್ಟಿಗೆಯಲ್ಲಿದ್ದ ಪಟಗ ತೊಡಿಸಿದರೆ ಅವಳ ಕಣ್ಣಿನ ಮೇಲೆ ಜಾರುತ್ತಿತ್ತು. ನಿನ್ನ ತಲೆಯ ಅಳತೆಗೆ ಸುತ್ತಿದ್ದಲ್ಲವೇ? ಅದನ್ನು ಬಿಚ್ಚಲು ನನಗೆ ಕೈ ಬರಲಿಲ್ಲ. ಅವಳನ್ನು ಕರೆದುಕೊಂಡು ಗ್ಯಾರೇಜಿಗೇ ಹೋದೆ. ನೀನು ಹೋದಂದಿನಿಂದ ನಿಮ್ಮ ಅಬ್ಬಾ ಕಾಲೇಜಿನ ರಸ್ತೆಗೆ ಕಾಲಿಟ್ಟಿರಲಿಲ್ಲ. ಕೈಯ ಗ್ರೀಸ್ ತೊಳೆದು ಬಂದು, ಪಟಗವನ್ನು ತೊಡೆಯ ಮೇಲಿಟ್ಟುಕೊಂಡು ಮಡಿಕೆಗಳ ಮೇಲೆ ಬೆರಳಾಡಿಸಿದರು. ಒಳಮಡಿಕೆಯಲ್ಲಿ ನಿನ್ನ ಹೇರ್‌ಪಿನ್ ಸಿಕ್ಕಿತು, ಜೇಬಿಗೆ ಹಾಕಿಕೊಂಡರು. ಆಮೇಲೆ ಪೂರ್ತಿ ಬಿಚ್ಚಿ, ಜಾಡಿಸಿ, ರೇಣುಕಾಳ ತಲೆಗೆ ಹೊಸದಾಗಿ ಸುತ್ತಿದರು. "ಅಲುಗಾಡಬ್ಯಾಡ ಬೇಟಿ" ಎಂದು ಗದರಿದ್ದು ಥೇಟ್ ನಿನ್ನನ್ನು ಗದರುತ್ತಿದ್ದ ಹಾಗೆಯೇ.

ನನ್ನ ದಣಿವೇನೂ ಹೋಗಿಲ್ಲ. ಆದರೆ ತಂಡ ಬಿಡುವುದಿಲ್ಲ, ಆಯಿತೇ? ನಾವು ಹೊರಟಾಗ ನಿಮ್ಮ ಅಬ್ಬಾ ಹಿಂದಿನಿಂದ ಕೇಳಿದರು: "ತಾಲೀಮು ಎಷ್ಟಕ್ಕ ಮುಗೀತದ? ಗೇಟಿಗಿ ಗಾಡಿ ತರ್ತೀನಿ."

ನಿನ್ನ
ಮಾದೇವಿ