ಮೂರನೆಯ ಸರದಿಯ ಕಣಜ

ಜುಲೈ 7, ಸೋಮವಾರ. ಸಂಜೆ 5.40

ಹದಿನೆಂಟನೆಯ ಸರದಿಯ ಆಜ್ಞೆಗಳನ್ನು ಸಮರ್ಥನಿಗೆ ಕಳುಹಿಸಿದ್ದಾಯಿತು. ಗಡುವಿಗೆ ಇಪ್ಪತ್ತು ನಿಮಿಷ ಮೊದಲೇ, ಎಂದಿನಂತೆ. ‘ಸಪ್ತಸೀಮೆ’ ಯುದ್ಧದಾಟದ ಏಳು ರಾಜ್ಯಗಳಿಗೆ ಎಂ.ಎಸ್ಸಿ. ಗಣಿತದ ನಾವು ಏಳು ಮಂದಿ, ದಿನಕ್ಕೊಂದು ಸರದಿ. ಸಮರ್ಥ ನಿರ್ವಾಹಕ — ಎಲ್ಲರ ನಕ್ಷೆಯೂ ಕಾಣುವುದು ಅವನೊಬ್ಬನಿಗೇ. ಪ್ರಥಮ ಸ್ಥಾನ ನನ್ನದು. ತರಗತಿಯಲ್ಲಿ ಹೇಗೋ ಇಲ್ಲಿಯೂ ಹಾಗೆ. ಅದೂ ಯೋಗೇಂದ್ರ ಬಿಟ್ಟುಹೋದ ರಾಜ್ಯವನ್ನು ಮೂರನೆಯ ಸರದಿಯಲ್ಲಿ ವಹಿಸಿಕೊಂಡು. ಪೆದ್ದ, ತುಂಬಿದ ಕಣಜ ಬಿಟ್ಟು ಹೋಗಿದ್ದ. ಉಳಿದದ್ದೆಲ್ಲ ನನ್ನ ಬುದ್ಧಿ.

ಲಹರಿ ಇಂದು ಆಟ ಬಿಟ್ಟಳು. ತಾಯಿಗೆ ಆಪರೇಷನ್. ಅವಳ ರಾಜ್ಯ ನನ್ನ ಗಡಿಯದು. ಇನ್ನೆರಡು ದಿನದಲ್ಲಿ ನನ್ನದಾಗಬೇಕಿತ್ತು...

ಜುಲೈ 9, ಬುಧವಾರ

ಲಹರಿಯ ಜಾಗಕ್ಕೆ ಬಿಂದು. ಆಗಲಿ. ಆದರೆ ನನ್ನ ಗೂಢಚಾರರ ವರದಿ: ಆ ಗಡಿಯಲ್ಲಿ ನಿನ್ನೆಯವರೆಗೆ ನಾಲ್ಕು ತುಕಡಿ, ಇಂದು ಹದಿನಾರು. ಸೈನ್ಯವೇನು ಮಳೆಗೆ ಮೊಳೆಯುತ್ತದೆಯೇ? ಲೈಬ್ರರಿಯ ಮೆಟ್ಟಿಲ ಮೇಲೆ ಸಮರ್ಥನನ್ನು ತಡೆದು ಕೇಳಿದೆ.

“ಹನ್ನೆರಡು ನಾನೇ ಕೊಟ್ಟೆ ಕಣೇ. ಅರ್ಧ ಸತ್ತಿರೋ ರಾಜ್ಯಾನ ಯಾರು ತಗೋತಾರೆ? ಸೋಲ್ಲಿ ಅಂತ ಒಬ್ಬರನ್ನ ಕರ್ದು ಕೂರ್ಸಕ್ಕಾಗತ್ತಾ?”

“ನಿಯಮದಲ್ಲಿ ಎಲ್ಲಿದೆ?”

“ನಿರ್ವಾಹಕರ ವಿವೇಚನೆ!” ನಕ್ಕುಬಿಟ್ಟ.

ವಿಜಯನಗರ ಬಡಾವಣೆಯ ಇವನಿಗೂ ಕುಂಬಾರಕೊಪ್ಪಲಿನ ಬಿಂದುವಿಗೂ ಒಂದೇ ಬಸ್ಸು. ಗಮನಿಸಿದ್ದೇನೆ.

ಇದು ಕೃಪಾಂಕ, ಬೇರೇನೂ ಅಲ್ಲ. ಪಿಯುಸಿಯಲ್ಲಿ ತಪ್ಪು ಪ್ರಶ್ನೆಗೆಂದು ಎಲ್ಲರಿಗೂ ಒಂದು ಕೃಪಾಂಕ ಸಿಕ್ಕಿತ್ತು. ಅದನ್ನು ಕಳೆದೇ ನಾನು ಇಂದಿಗೂ ನನ್ನ ಅಂಕ ಹೇಳುವುದು.

ಜುಲೈ 10, ಗುರುವಾರ. ಮಧ್ಯಾಹ್ನ

ಕ್ಯಾಂಟೀನಿನಲ್ಲಿ ಬಿಂದು ಎದುರಿಗೇ ಬಂದು ಕೂತಳು.

“ಏನಮ್ಮಾ ಮಹಾರಾಣಿ, ನನ್ನ ಹನ್ನೆರಡು ತುಕಡಿ ನೋಡಿ ಹೊಟ್ಟೆ ಉರೀತಂತೆ? ಯುದ್ಧ ಮಾಡಿ ತಗೊಂಡ್ಬುಡು.”

ನಾನು ಕೇಳಿದ್ದು ಇವಳಿಗೆ ಹೇಗೆ ತಿಳಿಯಿತು? ಸಮರ್ಥ ಹೇಳಿದ್ದಾನೆ. ಅದನ್ನು ಹೇಳಿದವನು ನನ್ನ ನಕ್ಷೆಯನ್ನು ಹೇಳದಿರುತ್ತಾನೆಯೇ?

ಜುಲೈ 14, ಸೋಮವಾರ

ಮೂರು ದಿನ ಬರೆಯಲಿಲ್ಲ. ಕರಡು ತಿದ್ದುತ್ತಿದ್ದೆ. ಇಂದು ಆಟದ ವಾಟ್ಸಾಪ್ ಗುಂಪಿನಲ್ಲಿ ಹೊಸ ನಿಯಮ ಹಾಕಿದೆ: ‘ಮಧ್ಯದಲ್ಲಿ ಸೇರಿ, ನಿರ್ವಾಹಕರಿಂದ ಯಾವುದೇ ಕೃಪಾಂಕ ಪಡೆದವರು ಪ್ರಥಮ ಸ್ಥಾನಕ್ಕೆ ಅನರ್ಹರು. ಈವರೆಗಿನ ಕೃಪಾಂಕಗಳ ಪಟ್ಟಿ ಪ್ರಕಟವಾಗತಕ್ಕದ್ದು.’

ಏಳಕ್ಕೆ ಏಳೂ ಒಪ್ಪಿಗೆ. ಬಿಂದುವಿನದೂ — “ನಂಗೇನ್ ಗೆಲ್ಲೇಬೇಕು ಅಂತಿಲ್ಲ ಕಣಮ್ಮ, ಆಡ್ಬೇಕು ಅಷ್ಟೆ.” ಇಷ್ಟು ಸುಲಭವಾಗಿ? ಏನೋ ಇದೆ.

ಸಮರ್ಥ ಸಂದೇಶ ಓದಿದ್ದಾನೆ. ಪಟ್ಟಿ ಬಂದಿಲ್ಲ. ಬಚ್ಚಿಡಲು ಏನಾದರೂ ಇರುವವನೇ ತಡಮಾಡುವುದು.

ಜುಲೈ 15, ಮಂಗಳವಾರ. ಸಂಜೆ 4.30

ಸಮರ್ಥ ನಜರ್‌ಬಾದಿಗೆ, ನಮ್ಮ ಮನೆಗೇ ಬಂದ. ಒಳಗೆ ಬರಲಿಲ್ಲ. ಗೇಟಿನಾಚೆಯಿಂದಲೇ ಒಂದು ಹಾಳೆ ಕೊಟ್ಟ. ಎರಡೇ ಸಾಲು. ಎರಡನೆಯದು ಬಿಂದು, ಹನ್ನೆರಡು ತುಕಡಿ. ಮೊದಲನೆಯದು — ಮೂರನೆಯ ಸರದಿ, ವೇದವತಿ, ಎಂಟುನೂರು ಮೂಟೆ ಧಾನ್ಯ.

ನನ್ನ ಹೆಸರು.

“ಆ ಕಣಜ ಯೋಗೇಂದ್ರ ತುಂಬಿದ್ದು,” ಎಂದೆ.

“ಅವನ ಕಣಜದಲ್ಲಿ ಇಲಿಗೂ ಗತಿ ಇರ್ಲಿಲ್ಲ ಕಣೇ ವೇದಾ. ಹೇಳಿದ್ರೆ ನೀನು ಮುಟ್ತಿರ್ಲಿಲ್ಲ. ಅದಕ್ಕೇ ಹೇಳ್ಲಿಲ್ಲ.”

“ಯಾರಿಗೆಲ್ಲ ಗೊತ್ತು?”

“ನಂಗೆ. ಈಗ ನಿಂಗೆ. ಆರಕ್ಕೆ ಪಟ್ಟಿ ಹಾಕ್ತೀನಿ. ಮೊದಲ್ನೇ ಸಾಲು ಇರ್ಬೇಕೋ ಬೇಡ್ವೋ, ನೀನೇ ಹೇಳ್ಬುಡು.”

ಇದು ನನಗೆ ಅವನ ಎರಡನೆಯ ಕೃಪಾಂಕ.

ಸಂಜೆ 5.52

ಮೊದಲ ಸಾಲನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಬಿಂದುವಿನ ಹೆಸರೊಂದೇ. ಚೊಕ್ಕವಾಗಿತ್ತು.

ಸಮರ್ಥ ಸುಳ್ಳು ಹೇಳುತ್ತಿರಬಹುದೇ? ಯೋಗೇಂದ್ರ ಬಿಟ್ಟುಹೋಗುವಾಗ ಕೊಟ್ಟ ಫೈಲು ತೆರೆದೆ, ಮೊದಲ ಬಾರಿಗೆ. ಎರಡನೆಯ ಸರದಿಯ ಕೊನೆ. ಕಣಜ: ಸೊನ್ನೆ. ಇಷ್ಟು ದಿನವೂ ನನ್ನ ಬಳಿಯೇ ಇತ್ತು. ಎಲ್ಲರನ್ನೂ ಶಂಕಿಸಿದೆ, ಅದೊಂದನ್ನು ಬಿಟ್ಟು.

ಸಮರ್ಥ ಫೋನ್ ಮಾಡುತ್ತಿದ್ದಾನೆ. ಎತ್ತುವುದಿಲ್ಲ. ಗುಂಪಿಗೆ ನಾನೇ ಬರೆಯುತ್ತೇನೆ. ಕರಡು, ಮೊದಲು ಇಲ್ಲಿ:

‘ನಿರ್ವಾಹಕರ ಪಟ್ಟಿಗೆ ಕಾಯಬೇಕಾಗಿಲ್ಲ. ಮೂರನೆಯ ಸರದಿಯಲ್ಲಿ ಕೃಪಾಂಕ ಪಡೆದವಳು ನಾನು, ವೇದವತಿ.’